ಅಕ್ಕ ಕತ್ತಿ ಕೆಳಗಿಟ್ಟ ವರ್ಷ

ನಾನು ಮದುವೆಯಾಗಿ ಹಳೇಬೀಡಿನ ಹೊರಗಿನ ಆ ಮನೆಗೆ ಬಂದಾಗ ಅಲ್ಲಿ ನಾಟಿಕೋಳಿಗಳು ಮಾತ್ರ ಇದ್ದವು. ಅವಕ್ಕೆ ಯಾರೂ ಏನೂ ಮಾಡಬೇಕಾಗಿರಲಿಲ್ಲ. ಬೆಳಿಗ್ಗೆ ಮಂಕರಿ ಎತ್ತಿದರೆ ತಿಪ್ಪೆ ಕೆದಕಲು ಹೋಗುತ್ತಿದ್ದವು, ಸಂಜೆ ತಾವೇ ಬಂದು ಮೂಲೆ ಸೇರುತ್ತಿದ್ದವು. ಮೊಟ್ಟೆ ಎಲ್ಲಿಟ್ಟಿವೆ ಎಂದು ಬೇಲಿ ಸಂದಿಯಲ್ಲಿ, ಹುಲ್ಲಿನ ಮೆದೆಯಲ್ಲಿ ಹುಡುಕುವುದೊಂದೇ ಕೆಲಸ. ಅರಸೀಕೆರೆಯಲ್ಲಿ, ಕೊಬ್ಬರಿ ಮಂಡಿಗಳ ಹಿಂದಿನ ಗಲ್ಲಿಯಲ್ಲಿ, ರೈಲಿನ ಸದ್ದು ಕೇಳುತ್ತ ಬೆಳೆದ ನನಗೆ ಅದೂ ಹೊಸದೇ. ನಮ್ಮ ಮನೆಯಲ್ಲಿ ಸಾಕಿದ್ದೆಂದರೆ ಇಲಿ ಹಿಡಿಯಲೆಂದು ಒಂದು ಬೆಕ್ಕು, ಅಷ್ಟೇ.

ಮನೆಯಲ್ಲಿ ಇದ್ದವರು ಮಾವ, ನನ್ನ ಗಂಡ, ಗಂಡನ ಅಕ್ಕ, ಮತ್ತೆ ನಾನು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡ ಅರಸೀಕೆರೆಗೂ ಬೇಲೂರಿಗೂ ಓಡಾಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಬೆಳಿಗ್ಗೆ ಖಾಕಿ ತೊಟ್ಟು ಹೋದರೆ ದೀಪ ಹಚ್ಚಿದ ಮೇಲೆ ಬರುವವರು. ಅವರ ಅಕ್ಕನನ್ನು ನಾನೂ ಅಕ್ಕ ಎಂದೇ ಕರೆದೆ. ಅಕ್ಕನನ್ನು ಗೆಂಡೆಹಳ್ಳಿ ಕಡೆ ಕೊಟ್ಟಿದ್ದರಂತೆ. ಅಲ್ಲಿ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ, ಯಾರಿಗೂ ಹೇಳದೆ, ಟ್ರಂಕು ಹೊತ್ತು ಬಸ್ಸು ಹತ್ತಿ ಬಂದುಬಿಟ್ಟಿದ್ದರು. ಇದನ್ನು ನನಗೆ ಹೇಳಿದವರು ನೆರೆಯವರು. ಅಕ್ಕ ತಮ್ಮ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಎದ್ದಾಗಿನಿಂದ ಮಲಗುವ ತನಕ ಅವರ ಕೈ ಏನಾದರೂ ಮಾಡುತ್ತಲೇ ಇರುತ್ತಿತ್ತು.

ಮದುವೆಯ ಮರುವರ್ಷ ಮಾವ ಕೋಳಿ ಸಾಕಣೆಯ ತರಬೇತಿ ಎಂದು ಹಾಸನಕ್ಕೆ ಹೋದರು. ಹೋಗುವಾಗ ಕೈಯಲ್ಲಿ ಒಂದು ಚೀಲ ಇತ್ತು. ಬರುವಾಗ ತೂತು ಕೊರೆದ ರಟ್ಟಿನ ಪೆಟ್ಟಿಗೆಗಳನ್ನು ಬಸ್ಸಿನಿಂದ ಒಂದೊಂದಾಗಿ ಇಳಿಸಿಕೊಂಡರು. ಒಳಗೆಲ್ಲ ಹಳದಿ ಮರಿಗಳು.

“ಇವು ಕಾವಿಗೆ ಕೂರಕ್ಕಿಲ್ಲ, ಮರಿ ಸಾಕಕ್ಕಿಲ್ಲ. ವರ್ಷಪೂರ್ತಿ ಮೊಟ್ಟೆ ಇಕ್ತಾನೇ ಇರ್ತವೆ,” ಎಂದರು ಮಾವ. ಅವರ ಮುಖದಲ್ಲಿ ಅಂಥ ಗೆಲುವನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಅಕ್ಕ ಪೆಟ್ಟಿಗೆಯೊಳಗೆ ಬಗ್ಗಿ ನೋಡಿ, “ಇಷ್ಟಕ್ಕೂ ನೀರು ಯಾರು ಸೇದ್ತಾರೆ?” ಎಂದರು. ಮಾವ ಆ ಮಾತು ಕೇಳಿಸದವರಂತೆ ಕೊಟ್ಟಿಗೆ ಕಡೆ ಹೋದರು.

ಎತ್ತು ಮಾರಿ ಖಾಲಿ ಬಿದ್ದಿದ್ದ ಕೊಟ್ಟಿಗೆಗೆ ತಂತಿಯ ಜಾಲರಿ ಬಂತು. ನೆಲಕ್ಕೆ ಭತ್ತದ ಹೊಟ್ಟು ಹಾಸಿದರು. ಮರಿಗಳು ಬೆಳೆದು ಬಿಳಿ ಕೋಳಿಗಳಾದವು. ಆಮೇಲೆ ನಮಗೆ ಬಿಡುವು ಎನ್ನುವುದು ಇಲ್ಲವಾಯಿತು. ಬಾವಿಯಿಂದ ನೀರು ಸೇದಿ ಬಾನಿಗಳಿಗೆ ತುಂಬಬೇಕು. ಜೋಳ, ಕಡಲೆಕಾಯಿ ಹಿಂಡಿ, ಒಣಮೀನಿನ ಪುಡಿ ಕಲಸಿ ಮೇವು ಹಾಕಬೇಕು. ಹೊಟ್ಟು ಗಟ್ಟಿಯಾಗದಂತೆ ದಿನಾ ಗುದ್ದಲಿಯಲ್ಲಿ ಮಗುಚಬೇಕು. ಮಗುಚುವಾಗ ಏಳುವ ಖಾರದ ವಾಸನೆಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮೊಟ್ಟೆ ಆಯ್ದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಹೊಟ್ಟು ತುಂಬಿದ ಬುಟ್ಟಿಯಲ್ಲಿ ಜೋಡಿಸಿ, ಬೆಳಗಿನ ಬಸ್ಸಿಗೆ ಕೊಡಬೇಕು. ಬುಟ್ಟಿ ಗಂಡನ ಸೀಟಿನ ಪಕ್ಕದಲ್ಲೇ ಕೂತು ಅರಸೀಕೆರೆಗೆ ಹೋಗುತ್ತಿತ್ತು. ಜಾವಗಲ್ ದಾಟಿದ ಮೇಲೆ ರಸ್ತೆ ಕೆಟ್ಟದ್ದು, ಒಡೆದ ಮೊಟ್ಟೆಯ ಲೋಳೆ ಅವರ ಪ್ಯಾಂಟಿಗೆ ಮೆತ್ತಿಕೊಂಡು ಬರುತ್ತಿತ್ತು. ಅದನ್ನು ಒಗೆಯುವವಳೂ ನಾನೇ.

ಶ್ರಾವಣ ಬಂದರೆ ಇನ್ನೊಂದು ಪಾಡು. ತಿಂಗಳಿಡೀ ಯಾರೂ ಮೊಟ್ಟೆ ಮುಟ್ಟುತ್ತಿರಲಿಲ್ಲ. ಶ್ರಾವಣ ಎಂದು ಕೋಳಿಗೇನು ಗೊತ್ತು? ಅವು ಇಡುತ್ತಲೇ ಇದ್ದವು, ನಾವು ಆಯುತ್ತಲೇ ಇದ್ದೆವು. ಮಡಕೆಗಳಲ್ಲಿ ಸುಣ್ಣದ ನೀರು ತುಂಬಿ ಅದರೊಳಗೆ ಮೊಟ್ಟೆ ಇಳಿಬಿಟ್ಟು ಕಾಯುತ್ತಿದ್ದೆವು. ಆ ಸುಣ್ಣಕ್ಕೆ ನನ್ನ ಬೆರಳ ಸಂದಿ ಬಿರಿದು ಸಾರು ಕಲಸಿದರೆ ಉರಿಯುತ್ತಿತ್ತು.

ಮೊಟ್ಟೆ ನಿಲ್ಲಿಸಿದ ಕೋಳಿಗಳನ್ನು ಬಾಡೂಟಕ್ಕೆ ಮಾರಬೇಕಿತ್ತು. ಕೊಳ್ಳುವವರು ಕೊಯ್ದು ಕೊಡಿ ಎನ್ನುತ್ತಿದ್ದರು. ಮೊದಲೆಲ್ಲ ಮಾವನೇ ಕೊಯ್ಯುತ್ತಿದ್ದರು. ಬರುಬರುತ್ತಾ ಅವರ ಕೈ ನಡುಗಲು ಶುರುವಾಯಿತು. ಕಾಫಿ ಲೋಟ ಹಿಡಿದರೂ ತುಳುಕುವಷ್ಟು ನಡುಕ. ಒಂದು ದಿನ ಬೇಲೂರಿಂದ ಯಾರೋ ಸ್ಕೂಟರಿನಲ್ಲಿ ಬಂದು, ಮನೆಗೆ ನೆಂಟರು ಬಂದಿದ್ದಾರೆ, ಬೇಗ ಎಂದು ನಿಂತಿದ್ದರು. ಮಾವ ಕತ್ತಿ ಹಿಡಿದರು. ಕೈ ಜಾರಿತು. ಅರ್ಧ ಕೊಯ್ದ ಕೋಳಿ ತಪ್ಪಿಸಿಕೊಂಡು ಅಂಗಳದ ತುಂಬ ಓಡಿತು. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ತೆಗೆದಾಗ ಅಕ್ಕ ಬಾವಿಕಟ್ಟೆಯ ಹತ್ತಿರ ಅದನ್ನು ಹಿಡಿದಿದ್ದರು. ಮಾವನ ಕೈಯಿಂದ ಕತ್ತಿ ತೆಗೆದುಕೊಂಡು, ಒಂದೇ ಎಳೆತಕ್ಕೆ ಮುಗಿಸಿದರು.

“ನೀರು ಕಾಯ್ಸು, ಪುಕ್ಕ ತೆಗೀಬೇಕು,” ಎಂದರು ನನಗೆ.

ಅಂದಿನಿಂದ ಅದು ಅಕ್ಕನ ಕೆಲಸವಾಯಿತು. ನೀನು ಮಾಡುತ್ತೀಯಾ ಎಂದು ಯಾರೂ ಕೇಳಲಿಲ್ಲ, ಅವರೂ ಮಾಡುತ್ತೇನೆ ಎನ್ನಲಿಲ್ಲ. ನಮ್ಮ ಕಡೆ ಹೆಂಗಸರು ಕೋಳಿ ಕೊಯ್ಯುವುದಿಲ್ಲ, ಗಂಡಸರೇ ಕೊಯ್ಯಬೇಕು. ಹಾಗಾಗಿ ಊರಲ್ಲಿ ಮಾತಾಯಿತು. ಬೀದಿಯಲ್ಲಿ ಒಬ್ಬಾಕೆ ನನ್ನನ್ನೇ ನಿಲ್ಲಿಸಿ, “ಏನಮ್ಮಾ, ನಿಮ್ಮನೇಲಿ ಹೆಣ್ಣೆಂಗ್ಸು ಕತ್ತಿ ಹಿಡೀತಾಳಂತೆ? ಗಂಡಸ್ರಿಗೆ ಏನು ಬಂದೈತೆ?” ಎಂದು ಕೇಳಿದಳು. ಆದರೆ ಯುಗಾದಿಯ ಮಾರನೆಯ ದಿನ, ಬಾಡೂಟದ ವರ್ಷತೊಡಕಿಗೆ, ಆಕೆಯ ಗಂಡನೇ ಕಂಕುಳಲ್ಲಿ ಹುಂಜ ಇಟ್ಟುಕೊಂಡು ನಮ್ಮ ಅಂಗಳದಲ್ಲಿ ನಿಂತಿದ್ದ. ಅಕ್ಕನ ಕೈ ಚುರುಕು, ಪ್ರಾಣಿಗೆ ನೋವಾಗಕ್ಕಿಲ್ಲ ಎಂದು ಊರೇ ಹೇಳತೊಡಗಿತ್ತು. ಆ ದಿನ ಅಕ್ಕನಿಗೆ ನೆಟ್ಟಗೆ ಕೂತು ಉಣ್ಣಲೂ ಆಗಲಿಲ್ಲ. ಸಂಜೆ ಸ್ನಾನ ಮಾಡಿ ಬಂದು ಒಂದು ಲೋಟ ಮಜ್ಜಿಗೆ ಕುಡಿದು ಗೋಡೆಗೆ ಒರಗಿದರು. ಮನೆಯಲ್ಲಿ ಬಾಡಿನ ಸಾರು ಇತ್ತು, ಅವರು ಮುಟ್ಟಲಿಲ್ಲ.

ಜೋಳ, ಹಿಂಡಿ ತರುತ್ತಿದ್ದದ್ದು ಬಸದಿಯ ಹತ್ತಿರದ ಜೈನರ ಅಂಗಡಿಯಿಂದ. ಅಲ್ಲಿ ಕೂರುತ್ತಿದ್ದ ಯಜಮಾನಿಗೂ ಅಕ್ಕನಿಗೂ ಚಿಕ್ಕಂದಿನ ಸ್ನೇಹ, ಒಂದೇ ಶಾಲೆಯಲ್ಲಿ ಓದಿದವರು. ಕತ್ತಿ ಹಿಡಿದ ಮೇಲೆ ಅಕ್ಕ ಅಲ್ಲಿಗೆ ಹೋಗುವುದನ್ನು ಬಿಟ್ಟರು.

“ನೀನೇ ಹೋಗಿ ತತ್ತಾ ಕಣೇ,” ಎನ್ನುತ್ತಿದ್ದರು.

ಅಂಗಡಿಯ ಯಜಮಾನಿ ಒಂದು ದಿನ ಜೋಳ ಅಳೆಯುತ್ತಾ, “ನಿಮ್ಮ ಅತ್ತಿಗೆ ಯಾಕೆ ಈಚೆಗೆ ಬರೋದೇ ಇಲ್ಲ? ಮೈಗೆ ಹುಷಾರಿಲ್ವಾ?” ಎಂದು ಕೇಳಿದರು. ಕೆಲಸ ಜಾಸ್ತಿ ಎಂದೆ. “ಒಂದ್ಸಲ ಬಂದು ಹೋಗೋಕೆ ಹೇಳಿ. ನಾನೇನೂ ಅನ್ನಲ್ಲ,” ಎಂದರು. ಮನೆಗೆ ಬಂದು ಹಾಗೇ ಹೇಳಿದೆ. ಅಕ್ಕ ಮೇವು ಕಲಸುತ್ತಿದ್ದ ಕೈಯನ್ನು ಒಂದು ಗಳಿಗೆ ನೋಡಿಕೊಂಡರು. “ಆಯ್ತು, ನೋಡಾನ,” ಎಂದರು. ಹೋಗಲಿಲ್ಲ.

ಮೊಲಗಳು ಬಂದದ್ದು ಇದಾದ ಮೇಲೆ. ಅರೇಹಳ್ಳಿ ಆಚೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ರೈಟರು ಕೆಲಸ ಬಿಟ್ಟು ಹೋಗುವಾಗ, ಬೇಲೂರು ಬಸ್ ನಿಲ್ದಾಣದಲ್ಲಿ ನನ್ನ ಗಂಡನಿಗೆ ಒಂದು ಜೊತೆ ಬಿಳಿ ಮೊಲ ಕೊಟ್ಟರಂತೆ. ಬುಟ್ಟಿ ತೆರೆದಾಗ ಎರಡೂ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಕಿವಿಯ ಒಳಗಿನ ಎಳೆ ರಕ್ತನಾಳಗಳು ಕಾಣುತ್ತಿದ್ದವು. ಚೆಂದ ಇವೆ ಎಂದು ನನಗೂ ಖುಷಿಯಾಯಿತು. ಗಂಡ ಹಳೆಯ ಪ್ಯಾಕಿಂಗ್ ಪೆಟ್ಟಿಗೆಗಳಿಗೆ ಜಾಲರಿ ಹೊಡೆದು ಗೂಡು ಮಾಡಿದರು. ಮುಂದಿನ ಮಳೆಗಾಲದ ಹೊತ್ತಿಗೆ ಹಿತ್ತಿಲ ಗೋಡೆಯ ಉದ್ದಕ್ಕೂ ಗೂಡುಗಳೇ ಆಗಿದ್ದವು. ಹೆಣ್ಣು ಮೊಲ ಎದೆಯ ತುಪ್ಪಳ ತಾನೇ ಕಿತ್ತು ಹಾಸಿ, ಅದರ ಮೇಲೆ ಮರಿ ಹಾಕುತ್ತಿತ್ತು. ಹಾಕಿದ ಮರಿ ಕಣ್ಣು ಬಿಟ್ಟು ಓಡಾಡುವಷ್ಟರಲ್ಲಿ ಮತ್ತೆ ಗಬ್ಬ.

ಕೋಳಿಯ ಕೆಲಸದ ಮೇಲೆ ಇದೊಂದು ಸೇರಿತು. ಗರಿಕೆ, ಹೊನಗೊನೆ ಸೊಪ್ಪು, ಹಲಸಿನ ಎಲೆ, ದಿನಾ ಹೊರೆ ಹೊರೆ ತರಬೇಕು. ಒದ್ದೆ ಸೊಪ್ಪು ಹಾಕಿದರೆ ಹೊಟ್ಟೆ ಉಬ್ಬರಿಸಿ ಸಾಯುತ್ತವೆ. ಹಾಗಾಗಿ ಮಳೆಗಾಲದಲ್ಲಿ ಸೊಪ್ಪನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಹಾಕುತ್ತಿದ್ದೆವು. ಕಿವಿಗೆ ಕಜ್ಜಿ ಹತ್ತಿದರೆ ಹೊಂಗೆ ಎಣ್ಣೆ ಸವರಬೇಕು. ನಾನೂ ಅಕ್ಕನೂ ಕೆರೆ ಹಿಂದಿನ ಬದುವಿನಲ್ಲಿ ಹುಲ್ಲು ಕೊಯ್ಯುತ್ತಾ ಕೂತರೆ ಇಬ್ಬರಿಗೂ ಮಾತು ಬೇಡವಾಗಿರುತ್ತಿತ್ತು. ಒಂದು ಸಲ ನಾನು, “ಅಕ್ಕಾ, ನಾವು ಅವನ್ನ ಸಾಕ್ತಾ ಇದೀವೋ, ಅವು ನಮ್ಮನ್ನ ದುಡಿಸ್ತಾ ಇದಾವೋ?” ಎಂದೆ. ಅಕ್ಕ ನಗಲಿಲ್ಲ. “ನನಗೆ ಬೆನ್ನು ಎತ್ತಾಕಾದ್ರೆ ಸಾಕಾಗೈತೆ, ಸುಮ್ನೆ ಕೊಯ್ಯಿ,” ಎಂದರು.

ಮೊಲಕ್ಕೆ ಗಿರಾಕಿ ಹುಡುಕಿದವರು ನನ್ನ ಗಂಡ. ಬೇಟೆ ನಿಂತ ಮೇಲೆ ಮೊಲದ ಮಾಂಸಕ್ಕೆ ಬಾಯಿ ಬಿಡುವ ಹಳಬರು ಅರಸೀಕೆರೆಯಲ್ಲಿ ಬೇಕಾದಷ್ಟು ಜನ ಇದ್ದರು. ಒಂದು ಮಿಲಿಟರಿ ಹೋಟೆಲಿನವನು ವಾರಕ್ಕಿಷ್ಟು ಎಂದು ಒಪ್ಪಿಕೊಂಡ. ಕೊಯ್ದು, ಚರ್ಮ ಸುಲಿದು, ಬಾಳೆ ಎಲೆಯಲ್ಲಿ ಸುತ್ತಿ ಮೊದಲ ಬಸ್ಸಿಗೆ ಕಳಿಸಬೇಕು. ಗಂಡ ಇದನ್ನು ಊಟಕ್ಕೆ ಕೂತಾಗ ಸಲೀಸಾಗಿ ಹೇಳಿದರು. ಅಕ್ಕ ಬಡಿಸುತ್ತಿದ್ದರು, ಬಡಿಸುತ್ತಲೇ ಹೋದರು.

ಮೊದಲ ಮೊಲವನ್ನು ಹಿಡಿದುಕೊಂಡವಳು ನಾನು. ಕೋಳಿಯಂತೆ ಅದು ಕೊಸರಾಡಲಿಲ್ಲ. ನನ್ನ ತೋಳಿನಲ್ಲಿ ಮುಖ ಹುದುಗಿಸಿ ಸುಮ್ಮನೆ ಇತ್ತು, ಅದರ ಎದೆ ಮಾತ್ರ ನನ್ನ ಅಂಗೈಯಲ್ಲಿ ಪುಕಪುಕ ಬಡಿದುಕೊಳ್ಳುತ್ತಿತ್ತು. ಕತ್ತಿ ತಾಗಿದಾಗ ಕೂಗಿತು. ಮೊಲ ಕೂಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹಸುಗೂಸು ಕಿರುಚಿದಂತೆ ಒಂದೇ ಒಂದು ಸಲ. ಅಕ್ಕನ ಕೈ ನಿಂತಿತು. ಆಮೇಲೆ ಬೇಗ ಬೇಗ ಮುಗಿಸಿದರು. ಮಿಕ್ಕವನ್ನೂ ಮುಗಿಸಿದರು. ಬಸ್ಸಿನ ಹಾರ್ನ್ ಕೇಳುವಷ್ಟರಲ್ಲಿ ಎಲೆ ಸುತ್ತಿಯಾಗಿತ್ತು.

ಕೈ ತೊಳೆಯುವಾಗ ನಾನು ನೀರು ಹೊಯ್ದೆ. “ಕೋಳಿ ಬೈತದೆ, ಒದೀತದೆ, ಕುಕ್ತದೆ. ಅದ್ಕೆ ನನ್ ಮೇಲೆ ಸಿಟ್ಟೈತೆ ಅಂತ ಗೊತ್ತಾಯ್ತದೆ,” ಎಂದರು ಅಕ್ಕ. “ಇದು ಸುಮ್ನೆ ನೋಡ್ತದೆ ಕಣೇ.”

ಅಷ್ಟು ಹೇಳಿ ಕೋಳಿಗೆ ನೀರಿಡಲು ಹೋದರು. ಮುಂದಿನ ವಾರವೂ ಕೊಯ್ದರು, ಅದರ ಮುಂದಿನ ವಾರವೂ. ಬೇಡ ಎನ್ನಲು ಅವರಿಗೂ ಜಾಗ ಇರಲಿಲ್ಲ. ಗಂಡನ ಮನೆ ಬಿಟ್ಟು ಬಂದವರು, ಕೂತು ಉಣ್ಣುತ್ತಾಳೆ ಎಂದು ಒಬ್ಬರ ಬಾಯಲ್ಲೂ ಬರಬಾರದು ಎನ್ನುವ ಹಟ ಒಳಗೇ ಇತ್ತು. ಇದು ನನಗೆ ಗೊತ್ತಾದದ್ದು, ಕೆಮ್ಮು ಜ್ವರ ಬಂದಾಗಲೂ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಟ್ಟಿಗೆಗೆ ನಡೆದದ್ದು ನೋಡಿ.

ಅದರ ಮುಂದಿನ ಬೇಸಿಗೆಯಲ್ಲಿ ಕೋಳಿಗಳಿಗೆ ಕೊಕ್ಕರೆ ರೋಗ ಬಂತು. ರೋಗ ಬರುವ ಮುಂಚೆಯೇ ಚುಚ್ಚಬೇಕಾದ ಔಷಧಿಯನ್ನು ಐಸಿನಲ್ಲಿಟ್ಟು ತರಬೇಕಿತ್ತು. ಗಂಡ ಫ್ಲಾಸ್ಕಿನಲ್ಲಿ ಐಸು ತುಂಬಿ ತರುತ್ತಿದ್ದ ದಿನ ಬಸ್ಸಿನ ಆಕ್ಸೆಲ್ ಮುರಿದು ದಾರಿಯಲ್ಲೇ ನಿಂತಿತು. ಮನೆಗೆ ಬರುವಷ್ಟರಲ್ಲಿ ಐಸು ಕರಗಿ ನೀರು ಬೆಚ್ಚಗಾಗಿತ್ತು. ಆದದ್ದಾಗಲಿ ಎಂದು ಅದನ್ನೇ ಚುಚ್ಚಿದೆವು. ಕೆಲವೇ ದಿನಕ್ಕೆ ಕೋಳಿಗಳು ಬಾಯಿ ತೆರೆದು ಉಸಿರೆಳೆಯತೊಡಗಿದವು. ಹಸಿರು ನೀರಿನಂಥ ಹಿಕ್ಕೆ. ಕತ್ತು ಹಿಂದಕ್ಕೆ ತಿರುಚಿ, ಗುಂಡಗೆ ಸುತ್ತಿ ಸುತ್ತಿ ಬೀಳುತ್ತಿದ್ದವು. ಬೆಳಿಗ್ಗೆ ಬಾಗಿಲು ತೆರೆದರೆ ಹೊಟ್ಟಿನ ಮೇಲೆ ಬಿಳಿ ಬಟ್ಟೆ ಒಣಹಾಕಿದಂತೆ ಬಿದ್ದಿರುತ್ತಿದ್ದವು.

ಮಾವ ಹೊಲದ ಅಂಚಿನಲ್ಲಿ ಗುಂಡಿ ತೆಗೆಸಿದರು. ನಾನೂ ಅಕ್ಕನೂ ಮಂಕರಿಯಲ್ಲಿ ಹೊತ್ತು ಹೋಗಿ ಸುರಿದು, ಸುಣ್ಣ ಚೆಲ್ಲಿ, ಮಣ್ಣು ಎಳೆದೆವು. ನಾಟಿಕೋಳಿಗಳೂ ಉಳಿಯಲಿಲ್ಲ. ಕೊಟ್ಟಿಗೆ ಖಾಲಿಯಾದ ದಿನ ನನಗೆ ಅಳು ಬರಬೇಕಿತ್ತು. ನಿಜ ಹೇಳಬೇಕೆಂದರೆ ಮೊದಲು ಬಂದದ್ದು ನಿದ್ದೆ. ಹೊಟ್ಟು ಮಗುಚುವ ಕೆಲಸ ಇರಲಿಲ್ಲ, ಬಾನಿ ತುಂಬುವ ಕೆಲಸ ಇರಲಿಲ್ಲ. ಕಂಬಕ್ಕೆ ಒರಗಿದವಳು ಅಲ್ಲೇ ನಿದ್ದೆ ಹೋದೆ.

ಎದ್ದಾಗ ಮಾವನೂ ಗಂಡನೂ ಜಗಲಿಯ ಮೇಲೆ ಮಾತಾಡುತ್ತಿದ್ದರು.

“ಇನ್ನು ಮೊಲಾನೇ ಗತಿ ಕಣ್ಲಾ,” ಎನ್ನುತ್ತಿದ್ದರು ಮಾವ.

“ಹೋಟ್ಲೋನು ಎಷ್ಟು ಕೊಟ್ರೂ ತಗೊಳ್ತೀನಿ ಅಂತಾನೆ. ಪಕ್ಷದ ಹಬ್ಬಕ್ಕೆ ಇನ್ನೂ ಜಾಸ್ತಿ ಕೇಳಿದಾನೆ. ಆಯ್ತು ಅಂದ್ಬಂದೆ,” ಎಂದರು ಗಂಡ.

ಆ ಮಳೆಗಾಲ ಇಡೀ ಅಕ್ಕ ಮೊಲ ಕೊಯ್ದರು. ಊಟ ಕಡಿಮೆಯಾಯಿತು. ಕಣ್ಣಿನ ಕೆಳಗೆ ಕಪ್ಪು ಇಳಿಯಿತು. ಬೆಳಿಗ್ಗೆ ಸೊಪ್ಪು ಹಾಕುವ ಕೆಲಸವನ್ನು ನನಗೇ ಬಿಟ್ಟರು. “ನನ್ನ ಕೈಲಿ ತಿಂದಿದ್ದು ನನ್ನ ಕೈಗೇ ಬರಾದು ಬ್ಯಾಡ,” ಎಂದರು. ನಾನು ಗಂಡನಿಗೆ ಒಮ್ಮೆ ಹೇಳಿದೆ, ಅಕ್ಕನಿಗೆ ಆಗುತ್ತಿಲ್ಲ, ಕೊಯ್ಯಲು ಬೇರೆ ಯಾರನ್ನಾದರೂ ಗೊತ್ತು ಮಾಡಿ ಎಂದು. “ಅವಳೇನೂ ಹೇಳಿಲ್ವಲ್ಲ?” ಎಂದರು. ಅವರಿಗೂ ಆಗ ಎರಡು ಪಾಳಿಯ ದುಡಿಮೆ. ತಲೆ ದಿಂಬಿಗೆ ಇಡುವಷ್ಟರಲ್ಲಿ ಗೊರಕೆ.

ಪಿತೃಪಕ್ಷ ಬಂತು. ಹಿರಿಯರಿಗೆ ಎಡೆ ಇಡುವ ಹಬ್ಬ. ಅವತ್ತು ನಮ್ಮಂಥವರ ಎಲ್ಲ ಮನೆಯಲ್ಲೂ ಬಾಡೇ ಆಗಬೇಕು. ಹೋಟೆಲಿಗೆ ಮೊದಲ ಬಸ್ಸಿಗೇ ಮಾಲು ಹೋಗಬೇಕಿತ್ತು. ನಾನು ಬಾಳೆ ಎಲೆ ಬಾಡಿಸಿ ಇಟ್ಟಿದ್ದೆ. ಅಕ್ಕ ಬಾವಿಕಟ್ಟೆಯ ಮೇಲೆ ಕೂತು ಕತ್ತಿ ಮಸೆದರು. ಮಸೆದ ಮೇಲೆ ಅದನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ತೊಳೆದರು. ಸೆರಗಿನಲ್ಲಿ ಒರೆಸಿದರು. ಎದ್ದು ಹೋಗಿ ಜಗಲಿಯಲ್ಲಿ ಕೂತಿದ್ದ ಮಾವನ ಕಾಲ ಹತ್ತಿರ ಇಟ್ಟರು.

“ಅಪ್ಪ, ನನ್ನ ಕೈಲಿ ಇನ್ನಾಗಕ್ಕಿಲ್ಲ.”

ಮಾವ ಕತ್ತಿಯನ್ನೂ ಮಗಳನ್ನೂ ನೋಡಿದರು. “ಇವತ್ತೊಂದಿನ ಮುಗಿಸ್ಬುಡು. ಮಾತು ಕೊಟ್ಟಾಗೈತೆ.”

“ಇವತ್ತೂ ಆಗಕ್ಕಿಲ್ಲ.”

“ಮೊದ್ಲೇ ಹೇಳ್ಬೇಕಿತ್ತಮ್ಮ ಹಂಗಾದ್ರೆ. ಇಷ್ಟು ದಿನ ಮಾಡ್ಕಂಡು ಬಂದು...”

“ಯಾರು ಕೇಳಿದ್ರಪ್ಪ?” ಎಂದರು ಅಕ್ಕ. ದನಿ ಏರಿಸಲಿಲ್ಲ. ಅಳಲೂ ಇಲ್ಲ. ಅಷ್ಟು ದಣಿದ ದನಿಯನ್ನು ನಾನು ಕೇಳಿರಲಿಲ್ಲ. “ಯಾರಾದ್ರೂ ಕೇಳಿದ್ರಾ?”

ಮಾವ ಕತ್ತಿ ಎತ್ತಿಕೊಳ್ಳಲು ಕೈ ಚಾಚಿದರು. ಕೈ ನಡುಗಿತು, ಹಿಂದಕ್ಕೆ ತೆಗೆದುಕೊಂಡರು. ಆಗ ಖಾಕಿ ಗುಂಡಿ ಹಾಕಿಕೊಳ್ಳುತ್ತಾ ಗಂಡ ಹೊರಗೆ ಬಂದರು. ಏನಾಯಿತು ಎಂದು ನಾನೇ ಹೇಳಿದೆ. ಅವರು ನನ್ನ ಮುಖ ನೋಡಿದರು. ಅದರ ಅರ್ಥ ನನಗೆ ತಿಳಿಯಿತು.

“ನಾನೂ ಕೊಯ್ಯಲ್ಲ. ಬೇಕಾದ್ರೆ ನೀವೇ ಕೊಯ್ರಿ, ಹಿಡ್ಕೊಳ್ತೀನಿ,” ಎಂದೆ. ಮದುವೆಯಾದ ಮೇಲೆ ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು.

“ಅದೇನು ಮಹಾ ಕೆಲ್ಸ,” ಎಂದು ಗಂಡ ಅಂಗಿಯ ತೋಳು ಮಡಚಿದರು.

ಗೂಡಿನಿಂದ ಒಂದನ್ನು ತಂದೆ. ಅವರು ಕತ್ತಿ ಹಿಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು, ಬಸ್ಸಿನಲ್ಲಿ ಟಿಕೆಟು ಹರಿದ ಕೈ ಅದು. ಮೊಲ ಕೂಗಿತು. ಅವರು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು. ಅದನ್ನು ಹಾಗೇ ಬಿಡುವಂತಿರಲಿಲ್ಲ. ಮತ್ತೆ ಬಂದು, ಹಲ್ಲು ಕಚ್ಚಿ ಮುಗಿಸಿದರು. ಆಮೇಲೆ ಬಾವಿಯ ಹಿಂದೆ ಹೋಗಿ ಕಕ್ಕಿಕೊಂಡರು. ನಾನು ಚೊಂಬಿನಲ್ಲಿ ನೀರು ತೆಗೆದುಕೊಂಡು ಹೋದಾಗ ಮಣ್ಣಿನ ಮೇಲೆ ಕುಕ್ಕುರುಗಾಲಿನಲ್ಲಿ ಕೂತಿದ್ದರು.

“ಇದನ್ನ ವಾರ ವಾರ ಮಾಡ್ತಿದ್ಲಾ ಅವ್ಳು?” ಎಂದರು.

ದೂರದಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಗಂಡ ಮುಖ ತೊಳೆದು, ತಿಂಡಿ ತಿನ್ನದೆ, ಬರಿಗೈಯಲ್ಲಿ ಹೋದರು. ಸಂಜೆ ಬಂದಾಗ ಹೋಟೆಲಿನವನು ಸಿಕ್ಕಾಪಟ್ಟೆ ಬೈದ ಎಂದಷ್ಟೇ ಹೇಳಿದರು. ಇನ್ನು ಮೇಲೆ ನಮ್ಮ ಮನೆಯಿಂದ ಮೊಲ ಬರುವುದಿಲ್ಲ ಎಂದು ಹೇಳಿ ಬಂದಿದ್ದರು. ಆ ರಾತ್ರಿ ಅವರು ಉಂಡ ತಟ್ಟೆಯನ್ನು ತಾವೇ ಎತ್ತಿಕೊಂಡು ಹೋಗಿ ತೊಳೆದಿಟ್ಟರು. ಅದನ್ನು ಅಕ್ಕನೂ ನೋಡಿದರು, ನಾನೂ ನೋಡಿದೆ.

ಮೊಲಗಳನ್ನು ಜೀವಂತವಾಗಿಯೇ ಮಾರಿದೆವು. ಸಾಕುತ್ತೇವೆ ಎಂದು ಕೆಲವರು ಒಯ್ದರು, ಸಾಕಿದರೋ ತಿಂದರೋ ನಾವು ಕೇಳಲು ಹೋಗಲಿಲ್ಲ. ಮುದಿಯಾದ ಎರಡು ಮೂರು ನಮ್ಮಲ್ಲೇ ಉಳಿದು, ಒಂದೊಂದಾಗಿ ತಾವೇ ಸತ್ತವು. ಗೂಡಿನ ಹಲಗೆಗಳು ಚಳಿಗಾಲದಲ್ಲಿ ನೀರೊಲೆಗೆ ಹೋದವು. ಮಾವ ಬಹಳ ದಿನ ಮಂಕಾಗಿದ್ದರು. ಆಮೇಲೆ ಒಂದು ದಿನ ನನ್ನನ್ನು ಕರೆದು, “ಕೋಳಿ ಮತ್ತೆ ತರಾನ ಅಂತಿದೀನಿ. ಸ್ವಲ್ಪ ಮಾತ್ರ. ನಿನಗೆ ಆಯ್ತದಾ?” ಎಂದು ಕೇಳಿದರು. ಆ ಮನೆಯಲ್ಲಿ ನನಗೆ ಆಗುತ್ತದೆಯೇ ಎಂದು ಒಬ್ಬರು ಕೇಳಿದ್ದು ಅದೇ ಮೊದಲು. ಸ್ವಲ್ಪವಾದರೆ ಆಗುತ್ತದೆ, ಮೊಟ್ಟೆ ಮಾತ್ರ, ಕೊಯ್ಯುವುದಿಲ್ಲ, ಮುದಿಕೋಳಿ ಇದ್ದಂಗೇ ಮಾರಬೇಕು ಎಂದೆ. ಒಪ್ಪಿದರು.

ಅಕ್ಕನಿಗೆ ಊರಿನ ಬಾಲವಾಡಿಯಲ್ಲಿ ಆಯಾ ಕೆಲಸ ಸಿಕ್ಕಿತು. ಅದನ್ನು ಹೇಳಿ ಕೊಡಿಸಿದವರು ಆ ಜೈನರ ಅಂಗಡಿಯ ಯಜಮಾನಿ. ಒಂದು ಸಂಜೆ ಅವರೇ ನಮ್ಮ ಮನೆಯ ತನಕ ಬಂದು, ಅಂಗಳದಲ್ಲಿ ನಿಂತು ಅಕ್ಕನನ್ನು ಕರೆದಿದ್ದರು. ಇಬ್ಬರೂ ಬೇಲಿಯ ಹತ್ತಿರ ಬಹಳ ಹೊತ್ತು ಮಾತಾಡಿದರು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ.

ಬಾಲವಾಡಿಯಲ್ಲೂ ಕೆಲಸ ಕಡಿಮೆಯೇನಿರಲಿಲ್ಲ. ಮಕ್ಕಳನ್ನು ಮನೆ ಮನೆಯಿಂದ ಕರೆತರಬೇಕು, ಉಪ್ಪಿಟ್ಟು ಬೇಯಿಸಬೇಕು, ಮೂಗು ಒರೆಸಬೇಕು, ಉಚ್ಚೆ ಬಳಿಯಬೇಕು. ಹೇಗಿದೆ ಅಕ್ಕಾ ಎಂದು ಕೇಳಿದರೆ, “ಅಲ್ಲೂ ಬೆನ್ನು ನೋವೇ. ಆದ್ರೆ ಮಧ್ಯಾಹ್ನಕ್ಕೆ ಮುಗೀತದೆ,” ಎಂದರು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮಧ್ಯಾಹ್ನ ಅಕ್ಕ ಬಂದು, ಊಟ ಮಾಡಿ, ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಮಲಗಿದರು. ಹಗಲಲ್ಲಿ ಅವರು ಮಲಗಿದ್ದನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು, ಒಂದು ಕೈ ಕೆಳಗೆ ಜೋತಿತ್ತು. ಅಂಗಳದಲ್ಲಿ ಒಣಹಾಕಿದ್ದ ರಾಗಿಗೆ ಹೊಸ ಕೋಳಿಗಳು ನುಗ್ಗಿದವು. ಹುಶ್ ಎಂದರೆ ಅಕ್ಕನಿಗೆ ಎಚ್ಚರವಾಗುತ್ತದೆ ಎಂದು ಸದ್ದಿಲ್ಲದೆ ಸೀರೆಯ ಸೆರಗು ಬೀಸಿ ಅವನ್ನು ಅಟ್ಟಿದೆ. ನನಗೂ ಕಣ್ಣು ಎಳೆಯುತ್ತಿತ್ತು. ಬಾನಿ ಖಾಲಿಯಾಗಿತ್ತು. ಕೊಡ ತೆಗೆದುಕೊಂಡು ಬಾವಿಗೆ ಹೋದೆ.